ಹದಿನಾಲ್ಕನೇ ವಿಷಯಕ್ಕೆ ವಿರೋಧ

ಕನ್ನಡಕದ ಅಂಗಡಿಯವನಿಗೆ ಕನ್ನಡಕವಿರಲಿಲ್ಲ. ಬೇಕಾಗಿರಲಿಲ್ಲವೆಂದಲ್ಲ, ಐವತ್ತು ದಾಟಿದ ಮೇಲೆ ಅಚ್ಚಿನ ಅಕ್ಷರಗಳೆಲ್ಲ ಅವನ ಕಣ್ಣಿಗೆ ಇರುವೆಸಾಲಾಗಿದ್ದವು. ಆದರೆ ಇಷ್ಟು ವರ್ಷ ಗಿರಾಕಿಗಳ ಮುಂದೆ "ನಂದು ನೋಡಿ, ಇನ್ನೂ ಬರಿಗಣ್ಣು" ಎಂದು ಕೊಚ್ಚಿಕೊಂಡವನು ಈಗ ಯಾವ ಮುಖ ಇಟ್ಟುಕೊಂಡು ಕನ್ನಡಕ ಏರಿಸಿಯಾನು?

ಇಂಥವನನ್ನು ಹಳೆಯ ವಿದ್ಯಾರ್ಥಿಗಳ ಪ್ರತಿನಿಧಿಯೆಂದು ವಿಶ್ವವಿದ್ಯಾಲಯದ ಆಡಳಿತ ಮಂಡಳಿಗೆ ಆರಿಸಿದ್ದರು. ಸಭೆಗೆ ವಾರ ಮೊದಲೇ ಕಾರ್ಯಸೂಚಿಯ ದಪ್ಪ ಕಟ್ಟು ಬರುತ್ತಿತ್ತು. ಅದನ್ನು ಅಂಗಡಿಯ ಗಾಜಿನ ಕಪಾಟಿನ ಮೇಲೆ, ಬಂದವರ ಕಣ್ಣಿಗೆ ಬೀಳುವಂತೆ ಇಟ್ಟರೆ ಸದಸ್ಯನ ಹೊಣೆ ಮುಗಿಯಿತೆಂದು ಅವನು ನಂಬಿದ್ದ.

ಈ ಸಲ ಕಟ್ಟು ಬಿಚ್ಚಿದವಳು ಅವನ ಅಕ್ಕ. ವಿಶ್ವವಿದ್ಯಾಲಯದ ಓದುವ ಕೋಣೆಯನ್ನು ಇಪ್ಪತ್ತಾರು ವರ್ಷದಿಂದ ನೋಡಿಕೊಳ್ಳುತ್ತಿದ್ದವಳು. ಯಾವ ಕುರ್ಚಿಯ ಯಾವ ಕಾಲು ಅಲುಗಾಡುತ್ತದೆಂದು ಅವಳಿಗೆ ಬಾಯಿಪಾಠ.

"ಹದಿನಾಲ್ಕನೇ ವಿಷಯ ಓದಿದ್ಯೇನೋ?"

"ಹೂಂ, ಕಣ್ಣಾಡಿಸ್ದೆ."

"ಯಾವ ಕಣ್ಣು? ಓದೋ ಕೋಣೆ ಮುಚ್ಚಿ ನಿಮಗೆಲ್ಲ ವಿಶ್ರಾಂತಿ ಕೋಣೆ ಮಾಡ್ತಾರಂತೆ. ಸೋಫಾ ಹಾಕಿ."

"ನಾವು ದಣಿಯೋದೇ ಇಲ್ವಲ್ಲ, ಅಕ್ಕಾ."

"ಅದನ್ನ ಅಲ್ಲಿ ಹೇಳು. ಒಬ್ಬ ಸದಸ್ಯ ಎದ್ದು ನಿಂತು ಬೇಡ ಅಂದ್ರೂ ಸಾಕು, ಆ ವಿಷಯ ಮುಂದಿನ ಸಭೆಗೆ ಹೋಗ್ಬೇಕು. ನಿಯಮ ಇದೆ. ಅಷ್ಟರಲ್ಲಿ ನಾನು ಓದೋರ ಸಹಿ ಹಾಕಿಸ್ತೀನಿ. ಮೂರು ವರ್ಷದಲ್ಲಿ ಒಂದು ಸಲ ಬಾಯಿ ಬಿಡೋ, ಪುಣ್ಯಾತ್ಮ."

ತಮ್ಮನ ಕಣ್ಣಿನ ಹಣೆಬರಹ ಗೊತ್ತಿದ್ದವಳು ರಟ್ಟಿನ ತುಂಡೊಂದರ ಮೇಲೆ ದಪ್ಪ ಶಾಯಿಯಲ್ಲಿ "14. ಬೇಡ" ಎಂದು ಬರೆದು ಅವನ ಜೇಬಿಗೆ ತುರುಕಿದಳು.

ಮಂಡಳಿಯ ಸಭೆಗೆ ತನ್ನದೇ ಒಂದು ಪದ್ಧತಿಯಿತ್ತು. ಕುಲಸಚಿವರು ವಿಷಯ ಏನೆಂದು ಓದುತ್ತಿರಲಿಲ್ಲ, ಸಂಖ್ಯೆ ಮಾತ್ರ ಹೇಳುತ್ತಿದ್ದರು. ಕುಲಪತಿಗಳು "ಆಗಬಹುದಲ್ಲ?" ಎನ್ನುತ್ತಿದ್ದರು. ಸದಸ್ಯರು ಬೆರಳ ಗೆಣ್ಣಿನಿಂದ ಮೇಜನ್ನು ಎರಡು ಸಲ ತಟ್ಟುತ್ತಿದ್ದರು. ಬಿಸ್ಕತ್ತು ಮೆತ್ತಗಾಗುವುದರೊಳಗೆ ಮೂವತ್ತು ವಿಷಯ ಮುಗಿಯುತ್ತಿದ್ದವು.

ಅವತ್ತು ಎಲ್ಲರ ಮುಂದೆ ಒಂದು ಹೊಸ ಹಾಳೆಯಿತ್ತು. "ಪರಿಷ್ಕೃತ ಪಟ್ಟಿ. ಒಂದೆರಡು ವಿಷಯ ಹಿಂದೆ ಮುಂದೆ ಆಗಿವೆ," ಎಂದರು ಕುಲಸಚಿವರು. ಕನ್ನಡಕದ ಅಂಗಡಿಯವನು ಹಾಳೆಯನ್ನು ತೋಳುದ್ದ ದೂರ ಹಿಡಿದ. ತೋಳು ಇನ್ನೊಂದು ಗೇಣು ಉದ್ದವಿದ್ದಿದ್ದರೆ ಓದಬಹುದಿತ್ತೇನೋ. ಪಕ್ಕದಲ್ಲಿ ಕೂತಿದ್ದ ಹಲ್ಲಿನ ಡಾಕ್ಟರನ್ನು ಕೇಳಬಹುದಿತ್ತು. ಆದರೆ ಆ ಡಾಕ್ಟರು ಅವನದೇ ಗಿರಾಕಿ. ಹಾಳೆಯನ್ನು ಗಂಭೀರವಾಗಿ ಮಡಚಿಟ್ಟ.

"ವಿಷಯ ಒಂಬತ್ತು. ಇದಕ್ಕೆ ಅನುಮೋದಕರ ಹೆಸರು ಬೇಕು. ಯಾರು?"

ಎಲ್ಲರೂ ಚಹಾದ ಕಪ್ಪು ನೋಡಿದರು. ಮೂರು ವರ್ಷದಲ್ಲಿ ತನ್ನ ಹೆಸರು ನಡಾವಳಿಯಲ್ಲಿ ಒಮ್ಮೆಯೂ ಬಂದಿಲ್ಲವೆಂದು ಅವನಿಗೆ ಹೊಳೆಯಿತು. "ನಾನೇ ಬರ್ಕೊಳ್ಳಿ," ಎಂದು ಕೈಯೆತ್ತಿದ. ಎರಡು ಸಲ ತಟ್ಟಬೇಕಾದಲ್ಲಿ ಮೂರು ಸಲ ತಟ್ಟಿದ.

"ವಿಷಯ ಹದಿನಾಲ್ಕು."

ಅವನು ಧಡಕ್ಕನೆ ಎದ್ದ. ಕುರ್ಚಿ ಹಿಂದಕ್ಕೆ ಬಿತ್ತು. "ಬೇಡ! ನಾನಿರೋ ತನಕ ಇದು ನಡೆಯಲ್ಲ! ನಾಚಿಕೆ ಆಗ್ಬೇಕು ನಮಗೆ!"

ಕುಲಪತಿಗಳ ಕೈಯಲ್ಲಿದ್ದ ಬಿಸ್ಕತ್ತು ಚಹಾದೊಳಗೆ ಮುಳುಗಿತು. ಹಲ್ಲಿನ ಡಾಕ್ಟರು ಅವನ ತೋಳು ಹಿಡಿದು ಮೆಲ್ಲಗೆ ಕೇಳಿದರು: "ಹುಡುಗಿಯರ ಹಾಸ್ಟೆಲಿನ ನೀರಿನ ಟ್ಯಾಂಕು ಸ್ವಾಮಿ ಅದು. ಒಡೆದಿದೆ, ರಿಪೇರಿ ಮಾಡ್ತಾರೆ. ನಿಮಗೇನು ಮಾಡ್ತು ಅದು?"

"ಟ್ಯಾಂಕಾ? ಮತ್ತೆ ಓದೋ ಕೋಣೆ?"

"ಅದು ಒಂಬತ್ತು," ಎಂದರು ಕುಲಸಚಿವರು. "ಆಯ್ತಲ್ಲ. ನೀವೇ ಅನುಮೋದಕರು."

"ನಾನು ಪಟ್ಟಿ ಸರಿಯಾಗಿ ನೋಡ್ಲಿಲ್ಲ. ವಾಪಸ್ ತಗೊಳ್ತೀನಿ."

"ಅಂಗೀಕಾರ ಆದದ್ದಕ್ಕೆ ವಾಪಸಾತಿ ಇಲ್ಲ. ಎದ್ದು ನಿಂತು ಆಡಿದ ವಿರೋಧಕ್ಕೂ ಇಲ್ಲ. ಟ್ಯಾಂಕು ಮುಂದಿನ ಸಭೆಗೆ. ವಿಷಯ ಹದಿನೈದು."

ಮೇಜು ಟಕ್ ಟಕ್ ಎಂದಿತು.

ಅಕ್ಕ ಬಾಗಿಲಲ್ಲೇ ಕಾದಿದ್ದಳು. "ಬೇಡ ಅಂದ್ಯಾ?"

"ಅಂದೆ ಅಕ್ಕಾ. ಗಟ್ಟಿಯಾಗೇ ಅಂದೆ."

"ಯಾವುದಕ್ಕೆ?" ಎಂದಳು ಅಕ್ಕ. ಒಡಹುಟ್ಟಿದವಳಲ್ಲವೇ, ಮುಖ ನೋಡಿದರೆ ಗೊತ್ತಾಗುತ್ತದೆ. ಅವನು ಪೂರ್ತಿ ಹೇಳಿದ. ಅವಳು ಪೂರ್ತಿ ಕೇಳಿಸಿಕೊಂಡು, ಅವನ ಜೇಬಿಗೆ ಕೈ ಹಾಕಿ, ತನ್ನ ರಟ್ಟಿನ ತುಂಡನ್ನು ವಾಪಸು ತೆಗೆದುಕೊಂಡು ಹೋದಳು.

ಮೂರು ತಿಂಗಳ ನಂತರದ ಸಭೆಗೆ ಅವನು ಕಪ್ಪು ಫ್ರೇಮಿನ ಕನ್ನಡಕ ಹಾಕಿಕೊಂಡು ಬಂದ. ಸಭೆ ಶುರುವಾಗುವ ಮೊದಲು ಸದಸ್ಯರನ್ನು ಹೊಸ ವಿಶ್ರಾಂತಿ ಕೋಣೆಯಲ್ಲಿ ಕೂರಿಸಿದ್ದರು. ಸೋಫಾದಲ್ಲಿ ಸೊಂಟದವರೆಗೆ ಹೂತುಹೋಗಿ ಅವನು ಹಿಂದಿನ ಸಭೆಯ ನಡಾವಳಿಯನ್ನು ಮೊದಲಿಂದ ಕೊನೆಯವರೆಗೆ ಓದಿದ. ಸದಸ್ಯನಾದ ಮೇಲೆ ಅವನು ಓದಿದ ಮೊದಲ ಕಾಗದ ಅದು. ಅವನ ಹೆಸರು ಎರಡು ಕಡೆ ಇತ್ತು.

"ನಡಾವಳಿ ಬರೆದದ್ದರಲ್ಲಿ ತಪ್ಪಿದೆಯೇ?" ಎಂದು ಸಭೆಯಲ್ಲಿ ಕುಲಪತಿಗಳು ಕೇಳಿದರು. ಮಾಡಿದ್ದರಲ್ಲಿ ತಪ್ಪಿದೆಯೇ ಎಂದು ಕೇಳುವ ಪದ್ಧತಿ ಇರಲಿಲ್ಲ.

"ಇಲ್ಲ," ಎಂದ ಅವನು. "ಸರಿಯಾಗಿ ಬರ್ದಿದ್ದಾರೆ."

ನಡಾವಳಿಗೆ ಬಾರದ ನಷ್ಟದ ಲೆಕ್ಕ ಇಷ್ಟು: ಓದುವ ಕೋಣೆ ಒಂದು. ಮೇಜು ಹನ್ನೆರಡು, ಕುರ್ಚಿ ನಲವತ್ತೆಂಟು. ಹುಡುಗಿಯರ ಹಾಸ್ಟೆಲಿಗೆ ನೀರು, ತೊಂಬತ್ತೊಂದು ದಿನ. ಅಕ್ಕನ ಮಾತು, ಅಷ್ಟೇ ದಿನ.