ಬಾಗಿಲಿಲ್ಲದ ಕಪಾಟುಗಳು

ತಂಗಿ ಮೂರನೆಯ ಗೋಣಿಚೀಲದ ಬಾಯಿ ಕಟ್ಟುತ್ತಿರುವಾಗ ಗಂಡ ಫೋನು ಹಿಡಿದುಕೊಂಡೇ ಒಳಗೆ ಬಂದ.

"ಭಾವನ ಗುರುತಿನ ಕಾರ್ಡು ಸಿಕ್ತಾ? ಸ್ಮಶಾನದ ಆಫೀಸಿನವರು ಅಸಲೇ ಬೇಕು ಅಂತಾರೆ. ಇವತ್ತು ಶನಿವಾರ, ಹನ್ನೆರಡಕ್ಕೆ ಮುಚ್ತಾರಂತೆ. ತಪ್ಪಿದ್ರೆ ಸೋಮವಾರ."

"ಸಿಕ್ಕಿದ್ರೆ ಮುಚ್ಚಿಟ್ಕೊಂಡು ಕೂತಿರ್ತಿದ್ದೆನಾ?"

ಆಗಲೇ ಹತ್ತೂವರೆ. ನಿನ್ನೆ ಬೆಳಗಿನ ಆರಕ್ಕೆ ಬಚ್ಚಲಲ್ಲಿ ಎದೆ ಹಿಡಿದುಕೊಂಡು ಬಿದ್ದು ತೀರಿಕೊಂಡ ಅಣ್ಣ ಒಳಕೋಣೆಯಲ್ಲಿ, ಮರದ ಪೆಟ್ಟಿಗೆಯಲ್ಲಿ ಮಲಗಿದ್ದ. ಸೋಮವಾರದವರೆಗೆ ಅವನನ್ನು ಆಸ್ಪತ್ರೆಯ ಶವಾಗಾರದಲ್ಲಿಡುವುದು ಅವಳಿಗೆ ಸುತರಾಂ ಬೇಡವಾಗಿತ್ತು. ಬದುಕಿದ್ದಾಗ ಒಂದು ದಿನವೂ ಹೊತ್ತಿಗೆ ಸರಿಯಾಗಿ ಹೊರಡದವನು, ಈಗಲಾದರೂ ಹೊರಡಬಾರದೇ?

ಅಣ್ಣ ಬಡಗಿ. ಊರಿಗೆಲ್ಲ ಬಾಗಿಲು ಮಾಡಿಕೊಟ್ಟವನ ಸ್ವಂತ ಮನೆಯಲ್ಲಿ ಒಂದು ಕಪಾಟಿಗೂ ಬಾಗಿಲಿರಲಿಲ್ಲ. ಕಪಾಟಿನ ಸಾಮಾನು ನೆಲಕ್ಕಿಳಿದು, ನೆಲದ್ದು ಕುರ್ಚಿಗೇರಿ, ಬಂದವರು ಕೂರುವುದಿರಲಿ ನಿಲ್ಲುವುದಕ್ಕೂ ಜಾಗವಿರಲಿಲ್ಲ. ಜನ ಬರುತ್ತಾರೆಂದು ಅವಳು ಬೆಳಿಗ್ಗೆ ಆರಕ್ಕೇ ಟೊಂಕ ಕಟ್ಟಿ, ಕೈಗೆ ಸಿಕ್ಕಿದ್ದನ್ನೆಲ್ಲ ಚೀಲಕ್ಕೆ ತುರುಕಿದ್ದಳು. ಈಗ ಮನೆ ಚೊಕ್ಕಟವಾಗಿತ್ತು. ಕಾರ್ಡು ಮಾತ್ರ ನಾಪತ್ತೆ.

"ನಮ್ಮ ಲೈಬ್ರರಿ ಬಾಗಿಲಿಗೆ ಹೇಳಿ ಹನ್ನೊಂದು ತಿಂಗಳಾಯ್ತು," ಎಂದರು ಕುರ್ಚಿಯ ತುದಿಯಲ್ಲಿ ಕೂತಿದ್ದ ಶಾಲೆಯ ಹೆಡ್‌ಮೇಡಂ. "ಪ್ರತಿ ಶನಿವಾರ ಜಗಳಕ್ಕೆ ಅಂತಲೇ ಬರ್ತಿದ್ದೆ. ನನ್ನ ಮುಖ ಕಂಡ ಕೂಡ್ಲೆ ಪೆಚ್ಚಾಗಿ ಆ ಬಾಗಿಲು ಕೈಗೆ ತಗೊಳ್ಳೋರು. ನಾನು ರಸ್ತೆ ತಿರುಗೋಷ್ಟರಲ್ಲಿ ಮರೆತಿರೋರು. ಹೋದ ವಾರ ಸೋಮಾರಿ ಅಂದುಬಿಟ್ಟೆ."

"ಮರೆವು ಒಂದೇ ಅಲ್ಲ ಮೇಡಂ," ಎಂದ ಜೊತೆಗಾರ ಬಡಗಿ. ಇಪ್ಪತ್ತು ವರ್ಷ ಅಣ್ಣನೊಂದಿಗೆ ಒಂದೇ ಶೆಡ್ಡಿನಲ್ಲಿ ದುಡಿದವನು. ಪೆಟ್ಟಿಗೆಯನ್ನು ನಿನ್ನೆ ಸಂಜೆಯೊಳಗೆ ಮಾಡಿ ತಂದವನೂ ಅವನೇ. "ಅವನಿಗೆ ಶುರು ಮಾಡೋಕೇ ಆಗ್ತಿರ್ಲಿಲ್ಲ. ಉಳಿ ಹಿಡ್ಕೊಂಡು ಅರ್ಧ ದಿನ ಹಲಗೆ ನೋಡ್ತಾ ನಿಂತಿರೋನು. ಶುರುವಾದ್ರೆ ಊಟ ನೀರು ಬೇಡ. ಸೋಮಾರಿ ಅಂದ್ರೆ ಮಾತ್ರ ಉರಿದುಬೀಳೋನು. ಕೂಗಾಡಿ, ಆಮೇಲೆ ಮೇಜಿನ ಕೆಳಗೆ ಕೂತು, ಸಿಟ್ಟು ಇಳಿಯೋವರೆಗೂ ಒಂದು ಮರದ ಚೂರು ಉಜ್ಜೋನು."

"ನನ್ನ ಹತ್ರ ಕೂಗಾಡ್ಲಿಲ್ಲ," ಎಂದರು ಮೇಡಂ. "ಸುಮ್ನೆ ಒಳಗೆ ಹೋದ್ರು."

"ಪುರಾಣ ಸಾಕು," ಎಂದಳು ತಂಗಿ. "ಕಾರ್ಡು ಎಲ್ಲಿಡ್ತಿದ್ದ, ಅಷ್ಟು ಹೇಳಿ."

"ಕಣ್ಣಿಗೆ ಬೀಳೋ ಕಡೆ," ಎಂದ ಜೊತೆಗಾರ.

"ಹಾಗಿದ್ರೆ ನನ್ನ ಕಣ್ಣಿಗೆ ಯಾಕೆ ಬೀಳ್ಲಿಲ್ಲ?"

* * *

ಆರು ವರ್ಷದ ಹಿಂದೆ, ಅಣ್ಣ ಒಂದು ವಾರ ಬೇರೆ ಊರಿಗೆ ಕೆಲಸಕ್ಕೆ ಹೋಗಿದ್ದಾಗ ಅವಳು ಇದೇ ಮನೆಯನ್ನು ಓರಣ ಮಾಡಿದ್ದಳು. ಎಲ್ಲವನ್ನೂ ಕಪಾಟಿಗೆ ತುಂಬಿ, ಬಾಗಿಲು ಮುಚ್ಚಿ, ಮೇಲೆ ಚೀಟಿ ಅಂಟಿಸಿದ್ದಳು. ಖುಷಿಪಡುತ್ತಾನೆಂದು ಕಾದಿದ್ದಳು. ಅವನು ಬಂದವನೇ ನಡುಮನೆಯಲ್ಲಿ ನಿಂತು ಬಿಳಿಚಿಕೊಂಡ.

"ನನ್ನ ಸಾಮಾನೆಲ್ಲಿ?"

"ಒಳಗಿದೆ. ಚೀಟಿ ಓದು."

"ಓದಬೇಕು ಅಂತ ನೆನಪಾದ್ರೆ ತಾನೆ? ಬಾಗಿಲು ಮುಚ್ಚಿದ್ರೆ ನನ್ನ ಪಾಲಿಗೆ ಅದು ಇಲ್ಲವೇ ಇಲ್ಲ ಕಣೇ. ಎಷ್ಟು ಸಲ ಹೇಳ್ಲಿ?" ಅವನ ದನಿ ಏರಿತು. "ಡಾಕ್ಟರೂ ಹೇಳಿದಾರೆ, ಇದು ಎಡಿಎಚ್‌ಡಿ, ಗಮನ ಒಂದು ಕಡೆ ನಿಲ್ಲದ ತೊಂದರೆ ಅಂತ. ಬೇಕಂತ ಮಾಡೋದಲ್ಲ ಅಂತ."

"ಐವತ್ತೆರಡು ವರ್ಷಕ್ಕೆ ಅದಕ್ಕೊಂದು ಹೆಸರು ಬೇರೆ. ಹೆಸರಿಟ್ರೆ ಮನೆ ಚೊಕ್ಕಟ ಆಗುತ್ತಾ?"

ಅವನು ಮೊಳೆ ಡಬ್ಬಿಯನ್ನು ಗೋಡೆಗೆ ಎಸೆದ. ಆಮೇಲೆ ಸ್ಕ್ರೂಡ್ರೈವರ್ ತಂದು, ಕಣ್ಣೊರೆಸಿಕೊಳ್ಳುತ್ತ, ಒಂದೊಂದೇ ಬಾಗಿಲು ಕಳಚತೊಡಗಿದ. ಹದಿನಾಲ್ಕು ಬಾಗಿಲು. ಅವನು ಒಂದು ಕೆಲಸವನ್ನು ಹಿಡಿದ ಪಟ್ಟಿನಲ್ಲಿ ಮುಗಿಸಿದ್ದನ್ನು ಅವಳು ಕಂಡದ್ದು ಅದೊಂದೇ ಸಲ. ಮುಗಿದ ಮೇಲೆ ಅವನೇ ಚಹಾ ಮಾಡಿ ತಂದು, "ಕೂಗಾಡಿದ್ದು ತಪ್ಪಾಯ್ತು," ಎಂದ. ಅವಳು ಕುಡಿಯದೆ ಎದ್ದು ಹೋಗಿದ್ದಳು.

* * *

ಜೊತೆಗಾರ ಬಡಗಿ ಎದ್ದು ಹೊಸ್ತಿಲ ಬಳಿ ಹೋಗಿ ನೆಲ ನೋಡಿದ.

"ಅವನ ಶೂ ಎಲ್ಲಿ? ಇಲ್ಲೇ ನಡುವೆ ಇರ್ತಿತ್ತಲ್ಲ?"

"ಬೆಳಿಗ್ಗೆ ಎಡವಿ ಬೀಳೋದ್ರಲ್ಲಿದ್ದೆ. ಚೀಲಕ್ಕೆ ಹಾಕ್ದೆ."

"ಮರೀಬಾರದ್ದೇನಿದ್ರೂ ಅವನು ಶೂ ಒಳಗೆ ಇಡ್ತಿದ್ದ ಕಣಮ್ಮ. ಎಡವೋ ಹಾಗೆ ನಡುವಿಗೇ ಇಡೋನು. ಹಾಕ್ಕೊಂಡಾಗ ಕಾಲಿಗೆ ಚುಚ್ಚುತ್ತೆ, ಆಗ ನೆನಪಾಗುತ್ತೆ ಅಂತ."

ಯಾವ ಚೀಲವೆಂದು ಅವಳಿಗೆ ನೆನಪಿರಲಿಲ್ಲ. ಗುಡಿಸಿ ಒರೆಸಿದ ನೆಲದ ಮೇಲೆ, ಬಂದವರ ಕಾಲಬುಡದಲ್ಲೇ ಚೀಲಗಳನ್ನು ಒಂದೊಂದಾಗಿ ಸುರಿದಳು. ಮೊಳೆ, ಮರಳುಕಾಗದ, ಅಂಟಿನ ಡಬ್ಬಿ, ಒಂಟಿ ಕಾಲುಚೀಲಗಳು, ಅರ್ಧ ಬರೆದ ಪಟ್ಟಿಗಳು. ಮೂರನೆಯದರಲ್ಲಿ ಶೂ ಸಿಕ್ಕಿತು. ಎಡಗಾಲಿನದರ ತುದಿಯಲ್ಲಿ ಕಾರ್ಡಿತ್ತು. ಅದಕ್ಕೆ ಸುತ್ತಿದ ಕಾಗದದ ಮೇಲೆ ಬಡಗಿಯ ದಪ್ಪ ಪೆನ್ಸಿಲಿನ ಅಕ್ಷರ:

'ಶುಕ್ರವಾರ ಎಂಟಕ್ಕೆ ಆಸ್ಪತ್ರೆ. ಎದೆನೋವು. ಕಾರ್ಡು ಮರೀಬೇಡ. ತಂಗಿಗೆ ಹೇಳೋದು ಬೇಡ, ಬೈತಾಳೆ.'

ಶುಕ್ರವಾರವೆಂದರೆ ನಿನ್ನೆ. ಅವನ ಎದೆ ಇನ್ನೆರಡು ಗಂಟೆ ತಡೆದಿದ್ದರೆ ಆಗುತ್ತಿತ್ತು. ಗಂಡ ಕಾರ್ಡು ಕಿತ್ತುಕೊಂಡು ಗಾಡಿಯತ್ತ ಓಡಿದ. ಅವಳು ಆ ಸಾಮಾನಿನ ನಡುವೆಯೇ ಕೂತಳು. ಅವನ ಮೇಲೂ ಸಿಟ್ಟು ಬಂತು, ತನ್ನ ಮೇಲೂ ಬಂತು. ಯಾವುದು ಎಲ್ಲಿ ಮುಗಿಯುತ್ತದೆಂದು ತಿಳಿಯಲಿಲ್ಲ.

"ಬೈತಿದ್ದೆ," ಎಂದಳು ಒಳಕೋಣೆಯ ಕಡೆ ನೋಡಿ. "ಬೈದು, ಆಗಲೇ ಕರ್ಕೊಂಡು ಹೋಗ್ತಿದ್ದೆ ಕಣೋ."

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಅನುಮತಿ ಸಿಕ್ಕಿತೆಂದು ಫೋನು ಬಂತು. ಪೆಟ್ಟಿಗೆ ಎತ್ತಲು ನಾಲ್ವರು ಬಗ್ಗಿದಾಗ ಅವಳು ಎದ್ದು, ಶೂಗಳನ್ನು ಹೊಸ್ತಿಲ ನಟ್ಟನಡುವೆ ಜೋಡಿಸಿಟ್ಟಳು.

"ಅಲ್ಲಿ ಬೇಡಮ್ಮ, ಹೊತ್ತೋರು ಎಡವ್ತಾರೆ," ಎಂದರು ಹೆಡ್‌ಮೇಡಂ.

"ನೋಡ್ಕೊಂಡು ದಾಟ್ಲಿ."

ಮುಂದಿನ ಇಬ್ಬರು ಕೆಳಗೆ ನೋಡಿ, ಕಾಲು ಎತ್ತಿ ದಾಟಿದರು. ಪೆಟ್ಟಿಗೆ ತುಸು ವಾಲಿತು, ಮತ್ತೆ ನೆಟ್ಟಗಾಯಿತು. ಹಿಂದಿನ ಇಬ್ಬರೂ ಹಾಗೆಯೇ ಕಾಲೆತ್ತಿದರು. ಶೂಗಳು ಬೀದಿಗೆ ಮುಖಮಾಡಿ, ಇಟ್ಟಲ್ಲೇ ಇದ್ದವು.