ಹೊಟ್ಟಿನ ಬೆಂಕಿ

ಗಂಗಾವತಿ ಸೀಮ್ಯಾಗ ಹುಟ್ಟಿದವರಿಗೆ ಹೇಳೂದೇ ಬ್ಯಾಡ, ಭತ್ತದ ಹೊಟ್ಟಿನ ರಾಶಿಗೆ ಬೆಂಕಿ ಹತ್ತಿದ್ರ ಮ್ಯಾಲೆ ಏನೂ ಕಾಣೂದಿಲ್ಲ. ಬೂದಿ ತಣ್ಣಗ ಬಿದ್ದಿರತೈತಿ, ಒಳಗ ನಾಕು ದಿನ ನಿಗಿನಿಗಿ ಕೆಂಡ. ಸುಮಂಗಲಾನ ಗಂಡ ಪಂಪಾಪತಿಗೂ ಇದು ಗೊತ್ತಿತ್ತು. ಆದ್ರೂ ಅಕ್ಕಿ ಮಿಲ್ಲಿನ ಹಿಂದಿನ ಬೂದಿ ಹಳೇದು ಅಂತ ತಿಳಕೊಂಡು ಅಡ್ಡಹಾದಿ ಹಿಡದ, ಸೊಂಟದ ಮಟ ಇಳದ. ಹನ್ನೊಂದು ದಿನ ಒದ್ದಾಡಿ ಹೋದ.

ಸುಮಂಗಲಾ ಪಂಚಾಯ್ತಿ ಆಫೀಸಿನ್ಯಾಗ ಕಂಪ್ಯೂಟರ್ ಆಪರೇಟರ್. ಮನಿಗೆ ಬಂದ್ರ ಮಾತಾಡಾಕ ಒಂದು ನರಪಿಳ್ಳಿ ಇಲ್ಲ. ಒಬ್ಬಾಕಿಗೇ ಅಡಗಿ, ಒಬ್ಬಾಕೀನ ಊಟ. ಆಮ್ಯಾಲೆ ಮೊಬೈಲಿನ್ಯಾಗ ಒಂದು ಆಟ. ಉಸುಕು, ನೀರು, ಬೆಂಕಿ ಕಣಕಣ ಸುರದು ಒಂದಕ್ಕೊಂದು ತಾಕಿದ್ರ ಏನಾಗತೈತಿ ಅಂತ ನೋಡೂದು, ಅಷ್ಟ. ಯಾರು ಬೇಕಾದ್ರೂ ಹೊಸಾ ಪದಾರ್ಥದ ಕೋಡ್ ಬರದು ಕಳಸಬೌದು, ಮೆಚ್ಚಿದ್ರ ಎಲ್ಲಾರ ಆಟಕ್ಕೂ ಸೇರಸತಾರ. ಅಕಿ ಹೊಟ್ಟು ಬರದ್ಲು. ಇದ್ದದ್ದು ಇದ್ದಂಗ ಬರದ್ಲು, ಮ್ಯಾಲೆ ಬೂದಿ, ಒಳಗ ಬೆಂಕಿ. ಗಂಡ ಹೆಂಗ ಸತ್ತ ಅನ್ನೂದು ಯಾರಿಗರೆ ತಿಳೀಲಿ ಅನ್ನೂದೊಂದ ಆಸೆ.

ಆಟ ನಡಸಾಂವ, ಯಾವ ದೇಶದಾಂವೋ ಏನೋ, ಉತ್ತರ ಬರದ. ಭಾಳ ಛಲೋ ಐತಿ, ಖರೇನೂ ಐತಿ, ಆದ್ರ ಉಪಯೋಗಿಲ್ಲ. ಬೆಂಕಿ ಕಾಣದಿದ್ರ ಆಡಾಂವ ಏನ್ ಮಾಡಬೇಕು? ಮ್ಯಾಲೆ ಚೂರು ಕೆಂಪು ತೋರ್ಸು, ಸೇರಸ್ತೀನಿ.

ಅಕಿಗೆ ಮೈಯೆಲ್ಲಾ ಉರೀತು. ಏ ಮಂಗ್ಯಾ, ಕೆಂಪು ಕಂಡಿದ್ರ ನನ್ನ ಗಂಡ ಯಾಕ ಸಾಯ್ತಿದ್ದ! ಮೂರು ವಾರ ಹಟ ಹಿಡದು ಕುಂತ್ಲು. ಬಾಜೂ ಮನಿ ಕಸ್ತೂರೆಮ್ಮ ಬಾಗಲಾಗ ನಿಂತು, "ಏನವ್ವ, ಯಾವಾಗ ನೋಡಿದ್ರೂ ಆ ಫೋನಿನ್ಯಾಗ ಯಾರ ಅದಾರ?" ಅಂದ್ರ, "ಯಾರೂ ಇಲ್ಲ ಬೇ ಚಿಗವ್ವ" ಅಂದ್ಲು. ಖರೇನ ಯಾರೂ ಇರಲಿಲ್ಲ.

ಕಡೀಕ ಒಂದು ಐತವಾರ ಸೋತ್ಲು. ಬರದದ್ದು ತನ್ನ ಫೋನಿನ್ಯಾಗಷ್ಟ ಕೊಳಕೋತ ಬಿದ್ರ ಯಾರಿಗೇನ ತಿಳೀಬೇಕು? ಎರಡು ಸಾಲು ಬದಲಿಸಿ ಕೆಂಪು ತಂದ್ಲು.

ಕಳಸೂಕಿಂತ ಮೊದಲ ಪರೀಕ್ಷಾ ಮಾಡಬೇಕಲ್ಲ. ಅದಕ್ಕಂತ ಆ ಆಟದಾಗ ಬೆರಳುದ್ದದ ಒಬ್ಬ ಮನಷ್ಯಾ ಇರ್ತಾನ, ಬಿಟ್ಟ ಕಡೆಯಿಂದ ತಾನ ನಡೀತಾನ. ಅವನ್ನ ರಾಶಿ ಕಡೆ ಬಿಟ್ಲು. ನಡಕೋತ ಅಂಚಿಗೆ ಬಂದ. ಅಂವ ಕೆಂಪು ಕಂಡು ನಿಂತ. ಹೊಳ್ಳಿ, ಬಂದ ಹಾದೀಲೆ ನಡದಬಿಟ್ಟ.

ಸುಮಂಗಲಾ ಫೋನು ಎದಿಗೆ ಅವಚಿಕೊಂಡು ಗೊಳೋ ಅಂತ ಅತ್ಲು. ಅತ್ತು ಮುಗಿಸಿ, ಮೂಗು ಒರಸಿಕೊಂಡು, ಅದನ್ನ ಕಳಸಿದ್ಲು.

"ಸುಳ್ಳಾದ್ರ ಸುಳ್ಳ ಇರ್ಲಿ," ಅಂದ್ಲು ಖಾಲಿ ಮನ್ಯಾಗ. "ಅಲ್ಲ್ಯರೆ ಬದುಕು, ಮಾರಾಯಾ."