ಕೊನೆಯ ಸ್ಥಾನಕ್ಕೆ ಬಿದ್ದ ವರ್ಷ

"ಪುಸ್ತಕ ಹೀಗೇ ಇಡೋ ಹಾಗಿಲ್ಲಮ್ಮಾ," ಎನ್ನುತ್ತ ಶವಸಂಸ್ಕಾರದ ನೌಕರ ಶವಪೆಟ್ಟಿಗೆಯೊಳಗಿಂದ ಬೇಸ್‌ಬಾಲ್ ವಾರ್ಷಿಕವನ್ನು ಮೆಲ್ಲಗೆ ಎತ್ತಿ ಫುಸಾಯೆಯ ಕೈಗಿತ್ತ. "ದಪ್ಪ ಪುಸ್ತಕ ಪೆಟ್ಟಿಗೆ ಜೊತೆ ಪೂರ್ತಿ ಸುಟ್ಟುಹೋಗೋದಿಲ್ಲ. ಒಂದೆರಡು ಹಾಳೆ ಆದ್ರೆ ಇಡಬಹುದು."

ಬಂದರಿನ ದಾರಿಯಲ್ಲಿ ಟ್ರಾಮ್ ಓಡಿಸುತ್ತಿದ್ದ ಗಂಡ ಶಿಗೆಜೊ ಬಿಳಿ ಹೂಗಳ ನಡುವೆ ಮಲಗಿದ್ದ. ಪ್ರತಿ ವಸಂತದಲ್ಲೂ ಊರಿನ ತಂಡದ ಆಟಗಾರರ ಫೋಟೋ, ವಿವರಗಳ ವಾರ್ಷಿಕ ಅಂಗಡಿಗೆ ಬಂದ ದಿನವೇ ಕೊಂಡು ತರುತ್ತಿದ್ದವನು. ಯಾರಾದರೂ ಪುಟದ ಮೂಲೆ ಮಡಚಿದರೆ ಮಾತು ಬಿಡುತ್ತಿದ್ದವನು.

"ಹರೀಬೇಡಿ ಅತ್ತಿಗೆ!" ಅದೇ ಟ್ರಾಮಿನಲ್ಲಿ ಕಂಡಕ್ಟರಾಗಿದ್ದ ಓಕುಬೊ ಮುಂದೆ ಬಂದ. ಅವನೂ ವಾರ್ಷಿಕಗಳನ್ನು ಕೂಡಿಡುವ ಆಸಾಮಿಯೇ. "ಇದು ಆ ವರ್ಷದ್ದು, ಹುಡುಕಿದ್ರೂ ಸಿಗಲ್ಲ. ತಂಡ ಕಡೇ ಸ್ಥಾನಕ್ಕೆ ಬಿತ್ತಲ್ಲ, ಜನ ಸಿಟ್ಟಲ್ಲಿ ರದ್ದಿಗೆ ಹಾಕ್ಬಿಟ್ರು. ನನ್ನ ಹತ್ರಾನೂ ಇಲ್ಲ. ಗೆದ್ದ ವರ್ಷದ ಹಾಳೆ ಹಾಕಿ, ಖುಷಿಯಾಗಿ ಹೋಗ್ತಾನೆ."

ಫುಸಾಯೆ ರಟ್ಟು ತೆರೆದು ಪುಟ ಹುಡುಕತೊಡಗಿದಳು.

*

ಆ ವಾರ್ಷಿಕ ಬಂದ ವಸಂತದಲ್ಲಿ ಹೊಟ್ಟೆಯಲ್ಲಿದ್ದ ಮಗುವನ್ನು ಕಳೆದುಕೊಂಡು ಅವಳು ಆಸ್ಪತ್ರೆಯಲ್ಲಿ ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಿದ್ದಳು. ಸಮಾಧಾನ ಹೇಳಲು ಬಾರದ ಶಿಗೆಜೊ ಡ್ಯೂಟಿ ಮುಗಿಸಿ ಬಂದು, ವಾರ್ಷಿಕ ಬಿಡಿಸಿ, ಆಟಗಾರರ ಹೆಸರು, ಎತ್ತರ, ಊರು ಓದುತ್ತ ಕೂರುತ್ತಿದ್ದ. ದಿನವೂ ಅಷ್ಟೇ. ಒಂದು ಸಂಜೆ ಅವಳು ಹೊರಳಿ ಪುಟದಲ್ಲಿದ್ದ ಫೋಟೋ ನೋಡಿದಳು.

"ಇವನ್ಯಾರು? ಊಟ ಕಂಡು ವಾರ ಆದಂಗಿದಾನೆ."

"ಕಗೆಯಾಮಾ ಅಂತ. ಹೊಸಬ. ಆಡ್ಸೋದು ಡೌಟು."

"ಪಾಪ, ಆಡಿಸ್ಲಿ. ಕಿವಿ ನೋಡಿ, ಗಾಳಿ ಬಂದ್ರೆ ಹಾರ್ಹೋಗ್ತಾನೆ."

ಹೇಳುತ್ತಲೇ ಅವಳಿಗೆ ನಗು ಬಂತು. ಶಿಗೆಜೊ ಪುಸ್ತಕವನ್ನು ಮುಖಕ್ಕೆ ಅಡ್ಡ ಹಿಡಿದು ಅತ್ತ. ಅಂದು ಅವಳು ಅವನು ತಂದಿದ್ದ ಅನ್ನದುಂಡೆ ತಿಂದಳು.

ಆಮೇಲೆ ಆ ವರ್ಷವೆಲ್ಲ ಅವನು ಮನೆಗೆ ಕಾಲಿಟ್ಟೊಡನೆ, ತಂಡ ಸೋತ ಸುದ್ದಿಗೂ ಮೊದಲು, "ನಿನ್ನ ಹುಡುಗನ್ನ ಇವತ್ತೂ ಆಡಿಸ್ಲಿಲ್ಲ ಕಣೇ," ಎನ್ನುತ್ತಿದ್ದ.

*

"ಓಕುಬೊ ಅವರೇ, ಗೆದ್ದ ವರ್ಷದ್ದೆಲ್ಲ ನೀವು ತೊಗೊಂಡ್ಹೋಗಿ. ಇದು ನಮ್ಮಿಬ್ಬರದು."

ಪರ್ರೆಂದು ಹರಿದಳು. ಓಕುಬೊ ಕಣ್ಣು ಮುಚ್ಚಿಕೊಂಡ. ತೆರೆದಾಗ ಹಾಳೆ ಶಿಗೆಜೊನ ಎದೆಯ ಮೇಲಿತ್ತು.

"ಕಗೆಯಾಮಾನಾ? ಒಂದು ದಿನಾನೂ ಮೈದಾನಕ್ಕೆ ಇಳೀಲಿಲ್ವಲ್ಲ ಅತ್ತಿಗೆ, ಆ ಹುಡುಗ!"

"ನಮ್ಮನೇಲಿ ದಿನಾ ಆಡ್ತಿದ್ದ."

ನೆಂಟರು ಒಬ್ಬೊಬ್ಬರಾಗಿ ಬಂದು ಹೂವಿಟ್ಟು ಸರಿದರು. ನೌಕರರಿಬ್ಬರು ಮುಚ್ಚಳ ಎತ್ತಿಕೊಂಡರು.

"ಒಂದ್ನಿಮಿಷ ತಡೀರಪ್ಪಾ," ಎಂದ ಓಕುಬೊ. ಸೇವಂತಿಗೆಯೊಂದು ಜಾರಿ ಹಾಳೆಯಲ್ಲಿದ್ದ ಹುಡುಗನ ಮುಖಕ್ಕೆ ಅಡ್ಡ ಬಿದ್ದಿತ್ತು. ಅವನು ಬಗ್ಗಿ, ಹಾಳೆ ಸುಕ್ಕಾಗದಂತೆ, ಅದನ್ನು ಎರಡೇ ಬೆರಳಲ್ಲಿ ಎತ್ತಿ ಗೆಳೆಯನ ಭುಜದ ಮೇಲೆ ಇಟ್ಟ.